ಪೂಜೆಗಿಟ್ಟ ಪಾನಾ

"ಹತ್ತು ನಿಮಿಷದ ಕೆಲಸಕ್ಕ ಎಷ್ಟ್ ದಿನಾ ಬಾಗಲಾ ಕಾಯಬೇಕು ಮನಷ್ಯಾರು?"

ಗುರುಲಿಂಗಮ್ಮ ಯಾರನ್ನೂ ಕೇಳಲಿಲ್ಲ. ಅಂಗಡಿಯ ನೆತ್ತಿಯ ಮೇಲಿದ್ದ ಹಳದಿ ಬೋರ್ಡನ್ನು ನೋಡುತ್ತ ಕೇಳಿದಳು. ‘ಹತ್ತೇ ನಿಮಿಷದಲ್ಲಿ ಆಯಿಲ್ ಬದಲಿ’ ಎಂದು ಅದರ ಮೇಲೆ ಬರೆದಿತ್ತು. ಪಕ್ಕದಲ್ಲಿ ಒಂದು ಗಡಿಯಾರದ ಚಿತ್ರ, ಅದಕ್ಕೆ ಎರಡು ಕಾಲು, ಕಾಲಿಗೆ ಬೂಟು. ಗಡಿಯಾರ ಓಡುತ್ತಿತ್ತು. ಗಂಗಾವತಿಯಿಂದ ಕನಕಗಿರಿ ಕಡೆ ಹೋಗುವ ರಸ್ತೆಯ ಮಗ್ಗುಲಿನ ಆ ಅಂಗಡಿಯ ಮಾಲೀಕ ಹಾಲೇಶ ಮಾತ್ರ ಇನ್ನೂ ಬಂದಿರಲಿಲ್ಲ. ಈಗ ಬರ್ತಾರೆ, ಈಗ ಬರ್ತಾರೆ ಎಂದು ಅಂಗಡಿಯವರು ಮುಂಜಾನೆಯಿಂದ ಹೇಳುತ್ತಲೇ ಇದ್ದರು. ಅವಳ ಗಂಡ ಕೊಟ್ರಪ್ಪ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಹೆಗಲ ಮೇಲಿನ ಟವೆಲ್ಲಿನ ಅಂಚಿನ ದಾರ ಕೀಳುತ್ತಿದ್ದ.

ಅವರ ಗೂಡ್ಸ್ ಗಾಡಿ ಅಂಗಡಿಯ ಹಿಂದಿನ ಬೇವಿನ ಮರದ ಕೆಳಗೆ ನಿಂತಿತ್ತು. ದಸರೆಯಲ್ಲಿ ಆಯುಧಗಳಿಗೆ ಪೂಜೆ ಮಾಡುವ ಖಂಡೇಪೂಜೆಯ ದಿನ ಏರಿಸಿದ ಚೆಂಡುಹೂವಿನ ಹಾರ ಒಣಗಿ ಮುಂದಿನ ಗಾಜಿಗೆ ಅಂಟಿಕೊಂಡಿತ್ತು. ಗಂಗಾವತಿಯ ಮಿಲ್ಲುಗಳಿಂದ ಅಕ್ಕಿ ತುಂಬಿಕೊಂಡು ತಾವರಗೇರಾದ ಸಿದ್ದೇಶನ ಅಂಗಡಿಗೆ, ಅಲ್ಲಿಂದ ಕುಷ್ಟಗಿಗೆ ಇಳಿಸಿ ಬರುವುದು ಕೊಟ್ರಪ್ಪನ ಕೆಲಸ. ಖಂಡೇಪೂಜೆಯ ದಿನ ಮನೆಯವರಿಗೆಲ್ಲ ಹೋಳಿಗೆ ಆದಮೇಲೆ ಗಾಡಿಗೂ ಒಂದು ಎಡೆ ಬೇಡವೇ ಎಂದು ಇಲ್ಲಿ ನಿಲ್ಲಿಸಿ ಹೊಸ ಆಯಿಲ್ ಹಾಕಿಸಿದ್ದ. ಅದೇ ಸಂಜೆ ಕನಕಗಿರಿ ದಾಟಿದ ಮೇಲೆ ಇಂಜಿನ್ ಕಿರುಚಿ ನಿಂತುಬಿಟ್ಟಿತು. ಇಳಿದು ಬಗ್ಗಿ ನೋಡಿದರೆ, ಆಯಿಲ್ ಇಳಿಸಲು ಇಂಜಿನ್ನಿನ ಚೇಂಬರಿನ ತಳಕ್ಕೆ ಇರುತ್ತದಲ್ಲ, ಆ ಬೋಲ್ಟೇ ಇರಲಿಲ್ಲ. ಹಾಕಿಸಿದ ಆಯಿಲೆಲ್ಲ ದಾರಿಯುದ್ದಕ್ಕೂ ಕರಿ ಗೆರೆ ಎಳೆದುಕೊಂಡು ಬಂದಿತ್ತು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಗಾಡಿಯನ್ನು ಇಲ್ಲಿಗೇ ಎಳೆಸಿ ತಂದಿದ್ದರು.

ಅಂದಿನಿಂದ ಈ ಅಂಗಡಿಗೆ ಅಲೆಯುವುದೇ ಗಂಡ ಹೆಂಡತಿಯ ಉದ್ಯೋಗವಾಗಿತ್ತು. ಹಾಲೇಶ ಒಮ್ಮೆಯೂ ಜೋರು ಮಾತಾಡಿದವನಲ್ಲ. ಅದೇ ಗುರುಲಿಂಗಮ್ಮನಿಗೆ ತಡೆಯಲಾಗುತ್ತಿರಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವನು ಕುರ್ಚಿ ಹಾಕಿಸುತ್ತಿದ್ದ, ಚಾ ತರಿಸುತ್ತಿದ್ದ, ಅಕ್ಕಾರ ಎನ್ನುತ್ತಿದ್ದ. ಆಮೇಲೆ, ರಸ್ತೆಯ ಕಲ್ಲು ಬಡಿದು ಬೋಲ್ಟು ಮುರಿದಿರಬಹುದು ಎನ್ನುತ್ತಿದ್ದ. ಒಂದು ದಿನ, ಆ ಬೋಲ್ಟು ತಂದು ತೋರಿಸಿದರೆ ತಿರುಪಿನ ಹಲ್ಲು ಹೋಗಿದೆಯೋ ಸಡಿಲಾಗಿ ಬಿದ್ದಿದೆಯೋ ಹೇಳಿಬಿಡುತ್ತೇನೆ ಎಂದ. ಅದನ್ನು ನಂಬಿ ಇಬ್ಬರೂ ಕನಕಗಿರಿಯ ಆಚೆಯಿಂದ ಹಿಂದಕ್ಕೆ ರಸ್ತೆಯ ಅಂಚಿನ ಕಂಕರು ಕಲ್ಲು ಕೆದಕುತ್ತ ನಡೆದರು. ಕುರಿ ಕಾಯುವವನೊಬ್ಬ ಬಂಗಾರ ಕಳಕೊಂಡೀರೇನು ಎಂದು ಕೇಳಿ, ಬೋಲ್ಟು ಅಂದ ಕೂಡಲೇ ಕುರಿಗಳನ್ನು ಬೇರೆ ಕಡೆ ತಿರುಗಿಸಿಕೊಂಡ. ಗುರುಲಿಂಗಮ್ಮ ಸಿಕ್ಕ ಕಬ್ಬಿಣವನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಬಂದು ಹಾಲೇಶನ ಟೇಬಲ್ ಮೇಲೆ ಸುರಿದಳು. ಅವನು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದ. ಇದು ಟ್ರ್ಯಾಕ್ಟರಿಂದು, ಇದು ಸೈಕಲ್ಲಿಂದು, ಇದು ಯಾವುದೋ ಬಾಗಿಲ ಚಿಲಕದ್ದು ಎಂದು ಬೇರೆ ಬೇರೆ ಇಟ್ಟ. ಅಷ್ಟು ಮರ್ಯಾದೆಯಿಂದ ಇಟ್ಟದ್ದಕ್ಕೆ ಅವಳ ಮೈ ಉರಿದುಹೋಗಿತ್ತು.

ಹಾಲೇಶ ಬಂದಾಗ ಬಿಸಿಲು ಏರಿತ್ತು. ಇಸ್ತ್ರಿ ಮಾಡಿದ ಅಂಗಿ, ಹಣೆಗೆ ಸಣ್ಣ ವಿಭೂತಿ, ಕೈಯಲ್ಲಿ ಎರಡು ಮೊಬೈಲು. ಬಂದವನೇ ಕುಂದರ್ರಿ ಅಕ್ಕಾರ ಎಂದ. ಕೂತಿದ್ದ ಗುರುಲಿಂಗಮ್ಮ ಎದ್ದು ನಿಂತಳು.

ಚಾ ಬಂತು. ಗಾಡಿ ರಿಪೇರಿಯ ಗುಂಡಿಯೊಳಗಿಂದ ಹತ್ತಿ ಬಂದ ಬಾಬಾಸಾಬ ತಾನೇ ಎರಡು ಗ್ಲಾಸು ತಂದು ಇಬ್ಬರ ಮುಂದೆ ಇಟ್ಟ. ಅವನು ಅಲ್ಲಿಯ ಹಳೆಯ ಕೆಲಸಗಾರ. ಗಾಡಿಗಳ ಕೆಳಗೆ ಬಗ್ಗಿ ಬಗ್ಗಿ ಬೆನ್ನು ಬಾಗಿದಷ್ಟಕ್ಕೇ ನಿಂತಿತ್ತು. ಕೊಟ್ರಪ್ಪ ಬಂದಾಗೆಲ್ಲ ಅವನು ಹೀಗೇ ಬಂದು, ಆರಾಮ ಅದೀರೇನ್ರಿ ಕಾಕಾ ಎಂದು ಕೇಳಿ, ಒಂದು ಗಳಿಗೆ ಸುಮ್ಮನೆ ನಿಂತು ಮತ್ತೆ ಗುಂಡಿಗೆ ಇಳಿಯುತ್ತಿದ್ದ. ಅವನು ನಿಂತ ಆ ಗಳಿಗೆಯಲ್ಲಿ ಕೊಟ್ರಪ್ಪ ಚಾದ ಗ್ಲಾಸನ್ನೇ ನೋಡುತ್ತಿದ್ದ.

ಈ ಸಲ ಹಾಲೇಶ ಹೊಸ ಮಾತು ತಂದಿದ್ದ. ಆಯಿಲ್ ಕಡಿಮೆಯಾದರೆ ಮೀಟರಿನಲ್ಲಿ ಕೆಂಪು ದೀಪ ಹತ್ತುತ್ತದೆ, ಅದು ಹತ್ತಿದ ಕೂಡಲೇ ಗಾಡಿ ನಿಲ್ಲಿಸಿದ್ದರೆ ಇಂಜಿನ್ ಉಳಿಯುತ್ತಿತ್ತು, ಕಾಕಾರು ದೀಪ ನೋಡಿಯೂ ಓಡಿಸಿದ್ದಾರೆ ಎಂಬುದು ಅವನ ವಾದ. ಗುರುಲಿಂಗಮ್ಮ, ದೀಪ ಹತ್ತಿರಲೇ ಇಲ್ಲ, ಹಳೇ ಗಾಡಿ, ದೀಪ ಕೆಟ್ಟಿರಬೇಕು ಎಂದು ಹೇಳುವಷ್ಟರಲ್ಲಿ ಕೊಟ್ರಪ್ಪ ಬಾಯಿ ತೆಗೆದ.

"ದೀಪ ಹತ್ತಿತ್ತೋ ಏನೋ. ಕಾಣ್ಲಿಲ್ಲ. ಮೀಟರಿನ ಗಾಜಿಗೆ ನಾನ ವಿಭೂತಿ ಬಳದಿದ್ದೆ. ಮ್ಯಾಲ ಹಾರ ಬ್ಯಾರೆ ಇತ್ತು."

ಹಾಲೇಶ ಚಾದ ಗ್ಲಾಸನ್ನು ಅವನ ಕಡೆ ಸರಿಸಿದ. ಇನ್ನು ವಾದ ಮಾಡುವ ಅಗತ್ಯವೇ ಇರಲಿಲ್ಲ. ಪಕ್ಕದಲ್ಲಿ ಬೈಕಿಗೆ ಆಯಿಲ್ ಹಾಕಿಸಲು ಬಂದಿದ್ದವನೊಬ್ಬ ಮುಖ ಆಚೆ ತಿರುಗಿಸಿ ನಕ್ಕ.

ಗುರುಲಿಂಗಮ್ಮ ಗಂಡನನ್ನು ಬೇವಿನ ಮರದ ಕೆಳಗೆ ಕರೆದುಕೊಂಡು ಹೋದಳು. ಸಿಟ್ಟು ಬಂದಾಗ ಅವಳ ದನಿ ಇನ್ನೂ ಸಣ್ಣದಾಗುತ್ತಿತ್ತು.

"ಅವರ ವಕೀಲಕಿ ನೀವ ಮಾಡೂದಿದ್ರ ನನ್ನ ಯಾಕ ಕರಕೊಂಡ ಬಂದ್ರಿ? ಮನ್ಯಾಗ ರೊಟ್ಟಿ ಬಡಕೋತ ಇರ್ತಿದ್ನಿ."

"ಇದ್ದದ್ದ ಹೇಳೀನಿ."

"ಇದ್ದದ್ದೆಲ್ಲಾ ಹೇಳಾಕ ಇದೇನ್ ಮಠ ಏನು?"

ಕೊಟ್ರಪ್ಪ ಶ್ರಾವಣ ಬಂದರೆ ಮಠದಲ್ಲಿ ಪುರಾಣ ಹಚ್ಚಿದ ದಿನದಿಂದ ಮಂಗಲದವರೆಗೂ ಮುಂದಿನ ಸಾಲಿನಲ್ಲಿ ಕೂತು ಕೇಳುವವನು. ಓದುವವರು ಒಂದು ಪದ್ಯ ಅರ್ಧಕ್ಕೆ ನಿಲ್ಲಿಸಿದರೆ ಉಳಿದದ್ದು ಅವನ ತುಟಿಯ ಮೇಲೆ ಬರುತ್ತಿತ್ತು. ದನಿ ಹೊರಗೆ ಬರುತ್ತಿರಲಿಲ್ಲ. ತಾವರಗೇರಾದಲ್ಲಿ ತೂಕದ ಬಗ್ಗೆ ತಕರಾರು ಬಂದರೆ ಕೊಟ್ರಪ್ಪ ಏನಂದ ಎಂದು ಕೇಳುವುದು ರೂಢಿ. ಅವನಿಗೆ ಸುಳ್ಳು ಬರುವುದಿಲ್ಲ ಎಂದು ಗುರುಲಿಂಗಮ್ಮನೇ ನಾಲ್ಕು ಮಂದಿಯ ಮುಂದೆ ಹೆಮ್ಮೆಯಿಂದ ಹೇಳಿಕೊಂಡಿದ್ದಳು. ಈಗ ಆ ಹೆಮ್ಮೆಯೇ ಅವಳ ತಲೆ ತಿನ್ನುತ್ತಿತ್ತು.

ಆದರೆ ಕೊಟ್ರಪ್ಪ ಇದ್ದದ್ದನ್ನೆಲ್ಲ ಹೇಳಿರಲಿಲ್ಲ.

ಅವತ್ತು ಅವನು ಬರುವ ಹೊತ್ತಿಗೆ ಅಂಗಡಿಯ ಪೂಜೆ ಶುರುವಾಗಲಿಕ್ಕಿತ್ತು. ಅಂಗಡಿಯ ಬೋಲ್ಟು ಬಿಗಿಯುವ ಪಾನಾ, ಸುತ್ತಿಗೆ, ಜಾಕು ಎಲ್ಲವನ್ನೂ ಒಂದೂ ಉಳಿಯದ ಹಾಗೆ ತೊಳೆದು, ದೇವರ ಫೋಟೋದ ಮುಂದೆ ಸಾಲಾಗಿ ಇಡುತ್ತಿದ್ದರು. ಬಾಬಾಸಾಬ ಹಳೆಯ ಆಯಿಲ್ ಇಳಿಸಿದ್ದ, ಹೊಸದು ಹಾಕಿದ್ದ. ಬೋಲ್ಟನ್ನು ಕೈಯಿಂದ ತಿರುವಿ ಕೂಡಿಸಿದ್ದ. ಪಾನಾದಿಂದ ಬಿಗಿಯುವುದೊಂದು ಬಾಕಿ. ಅಷ್ಟರಲ್ಲಿ ಅವನ ಕೈಯ ಪಾನಾವನ್ನೂ ಯಾರೋ ಒಯ್ದು ತೊಳೆದು, ಕುಂಕುಮ ಹಚ್ಚಿ ಸಾಲಿನಲ್ಲಿ ಇಟ್ಟುಬಿಟ್ಟರು. ಗಂಟೆ, ಜಾಗಟೆ ಶುರುವಾಯಿತು. ಹಾಲೇಶ ಕಣ್ಣು ಮುಚ್ಚಿ ಆರತಿ ಎತ್ತಿದ್ದ. ಬಾಬಾಸಾಬ ಚಪ್ಪಲಿ ಬಿಟ್ಟು ಮೆಲ್ಲಗೆ ಮುಂದೆ ಹೋಗಿ, ಬಗ್ಗಿ, ಆ ಪಾನಾಕ್ಕೆ ಕೈ ಚಾಚಿದ. ಒಂದೇ ತಿರುವು, ಹಚ್ಚಿ ತಂದು ಇಡ್ತೀನ್ರಿ ಕಾಕಾ ಎಂದು ಕಣ್ಣಿನಲ್ಲೇ ಕೊಟ್ರಪ್ಪನಿಗೆ ಹೇಳಿದ. ಕೊಟ್ರಪ್ಪ ಅವನ ಮುಂಗೈ ಹಿಡಿದುಕೊಂಡ. ಪೂಜಿಗಿಟ್ಟದ್ದು ಎತ್ತಬ್ಯಾಡಪ್ಪ, ಕೆಟ್ಟದ್ದು ಅದು, ಗಾಡಿ ನಂದು, ಯಾರರ ಕೇಳಿದ್ರ ನಾ ಹೇಳ್ತೀನಿ ಎಂದ. ಬಾಬಾಸಾಬ ಕೈ ಹಿಂದೆ ತೆಗೆದುಕೊಂಡ. ಪೂಜೆ ಆದಮೇಲೆ, ಪೂಜಿಗಿಟ್ಟ ಸಾಮಾನು ಇವತ್ತು ಎತ್ತಂಗಿಲ್ಲ, ದೂರ ಒಯ್ಯಬ್ಯಾಡ್ರಿ, ನಾಳೆ ಸಾಮಾನು ಎತ್ತಿದ ಮೇಲೆ ಬರ್ರಿ, ಬಿಗಿ ಮಾಡಿ ಕೊಡ್ತೀನಿ ಎಂದೂ ಹೇಳಿದ್ದ. ಕೊಟ್ರಪ್ಪನ ಸ್ವಂತ ಪಾನಾಗಳೂ ಮನೆಯ ಜಗಲಿಯ ಮೇಲೆ ಪೂಜೆಗಿದ್ದವು. ಮರುದಿನ ದಸರೆಯ ಬನ್ನಿ ಮುಡಿಯಲು ಊರಲ್ಲಿ ಇರಬೇಕಿತ್ತು. ಪೂಜೆ ಆದ ಗಾಡಿಗೆ ಏನಾಗುತ್ತದೆ ಎಂದುಕೊಂಡು, ಶಿವನ ಹೆಸರು ಹೇಳಿ ಹೊರಟುಬಿಟ್ಟಿದ್ದ.

ಇದು ಗುರುಲಿಂಗಮ್ಮನಿಗೆ ಗೊತ್ತಿರಲಿಲ್ಲ. ಬೋಲ್ಟು ಬಿಗಿ ಮಾಡಿರಲಿಲ್ಲ ಎಂದಷ್ಟೇ ಅವನು ಹೇಳಿದ್ದ. ಅದು ಸುಳ್ಳಲ್ಲ.

ಮರದ ಕೆಳಗೆ ನಿಂತಾಗಲೇ ಸಿದ್ದೇಶನ ಫೋನು ಬಂತು. ಅವನು ಒಳ್ಳೆಯವನೇ. ಆದರೆ ದೀಪಾವಳಿ ಮುಂದೆ ಬಂದಿತ್ತು, ಅಂಗಡಿಯಲ್ಲಿ ಅಕ್ಕಿ ಇರಲಿಲ್ಲ. ಕುಷ್ಟಗಿಯವನೊಬ್ಬ ಹೊಸ ಗಾಡಿ ತಂದಿದ್ದಾನೆ, ವರ್ಷವಿಡೀ ಬಾಡಿಗೆ ಕೊಡುವುದಾದರೆ ಬರುತ್ತೇನೆ ಅಂತಾನೆ, ಹಬ್ಬದೊಳಗೆ ನಿನ್ನ ಗಾಡಿ ರಸ್ತೆಗೆ ಬಂದರೆ ಬೇರೆ ಮಾತೇ ಇಲ್ಲ, ಬರದಿದ್ದರೆ ನನ್ನ ಮೇಲೆ ಬೇಜಾರಾಗಬೇಡ ಎಂದ. ಕೊಟ್ರಪ್ಪ ಹೂಂ, ಹೂಂ ಎಂದು ಫೋನು ಇಟ್ಟ. ಗುರುಲಿಂಗಮ್ಮ ಅವನ ಮುಖ ನೋಡಿಯೇ ತಿಳಿದುಕೊಂಡಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಸೀದಾ ಹಾಲೇಶನ ಟೇಬಲ್ಲಿಗೆ ಹೋದಳು.

ಅವಳು ಈಗ ಬೇರೆ ಏನೂ ಕೇಳಲಿಲ್ಲ. ಒಂದನ್ನೇ ಕೇಳಿದಳು. ಕಲ್ಲು ಬಡಿದದ್ದಾಗಲಿ, ದೀಪ ಹತ್ತಿದ್ದಾಗಲಿ, ಅದೆಲ್ಲ ಆಮೇಲಿಂದು. ಆ ಬೋಲ್ಟಿಗೆ ಅವತ್ತು ಪಾನಾ ಹಚ್ಚಿದ್ದರೋ ಇಲ್ಲವೋ?

ಹಾಲೇಶ ರಸ್ತೆ ಕೆಟ್ಟಿದ್ದರ ಬಗ್ಗೆ ಹೇಳತೊಡಗಿದ. ಅವಳು ಮತ್ತೆ ಅದನ್ನೇ ಕೇಳಿದಳು. ಅವನು ಇಂಜಿನ್ನಿನ ವಯಸ್ಸಿನ ಬಗ್ಗೆ ಹೇಳಿದ. ಅವಳು ಮತ್ತೆ ಅದನ್ನೇ ಕೇಳಿದಳು. ಆಯಿಲ್ ಹಾಕಿಸಲು ಬಂದು ನಿಂತಿದ್ದ ನಾಲ್ಕೈದು ಜನ ಹತ್ತಿರ ಬಂದರು. ಅವರಲ್ಲಿ ಮರಳಿ ಎಂಬ ಊರಿನ ರೈತನೊಬ್ಬ, ಅಕ್ಕಾರು ಕೇಳಿದ್ದಕ್ಕೆ ಒಂದು ಉತ್ತರ ಕೊಡ್ರಲ್ಲ, ನಮ್ಮ ಗಾಡೀನೂ ಇಲ್ಲೇ ಬಿಡೂದೈತಿ ಎಂದ. ಹಾಲೇಶನ ಕಣ್ಣು ಬೈಕಿನವನ ಕಡೆ, ಬೋರ್ಡಿನ ಕಡೆ, ರಸ್ತೆಯ ಕಡೆ ಹೋಗಿ ಬಂತು. ಮೊಬೈಲುಗಳನ್ನು ಟೇಬಲ್ ಮೇಲೆ ಇಟ್ಟ.

"ಆತು ಅಕ್ಕಾರ. ನಮ್ಮವನ ಕಡೀಂದ ತಪ್ಪಾಗೈತಿ. ಇವತ್ತ ಇಂಜಿನ್ ಬಿಚ್ಚಸ್ತೀನಿ. ಹಬ್ಬದೊಳಗ ಗಾಡಿ ನಿಮ್ಮ ಮನಿ ಮುಂದ ಇರ್ತೈತಿ, ನಿಮಗ ಖರ್ಚಿಲ್ಲ. ಬಾಬಾಸಾಬ, ಬಾ ಇಲ್ಲೆ."

ಬಾಬಾಸಾಬ ಗುಂಡಿಯಿಂದ ಹತ್ತಿ ಬಂದ. ಎಲ್ಲರಿಗೂ ಕೇಳುವ ಹಾಗೆ ಹಾಲೇಶ, ಬೋಲ್ಟು ಬಿಗಿಯುವುದನ್ನು ಮರೆತವನು ಇವನೇ, ವಯಸ್ಸಾಯಿತು, ಇನ್ನು ಇವನ ಕೈಯಿಂದ ಕೆಲಸ ಆಗುವುದಿಲ್ಲ, ಇವತ್ತಿಗೆ ಇವನ ಕೆಲಸ ಮುಗಿಯಿತು ಎಂದ. ಮರಳಿಯ ರೈತ ತಲೆ ಆಡಿಸಿದ. ಜನರಿಗೆ ಸಮಾಧಾನವಾದಂತೆ ಕಂಡಿತು.

ಗುರುಲಿಂಗಮ್ಮ ಅಂಗಡಿಯ ಕಟ್ಟೆಯ ಮೇಲೆ ಕೂತುಬಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಳ್ಳತೊಡಗಿದಳು. ಯಾರಿಗೋ ಕೆಟ್ಟದ್ದಾಯಿತು ಎಂದು ಅವಳಿಗೂ ಅನ್ನಿಸಿರಬೇಕು. ಮರೀಬಾರದಿತ್ತಪ್ಪ ನೀನು ಎಂದು ಬಾಬಾಸಾಬನಿಗೆ ಮೆತ್ತಗೆ ಹೇಳಿದಳು.

"ನಾ ಮರ್ತಿಲ್ರಿ ಯವ್ವಾ," ಎಂದ ಬಾಬಾಸಾಬ.

ಅವನು ದನಿ ಎತ್ತಲಿಲ್ಲ. ಹಾಲೇಶನ ಕಡೆಯೂ ನೋಡಲಿಲ್ಲ. ಕೈಯಲ್ಲಿದ್ದ ಅರಿವೆಯಿಂದ ಬೆರಳುಗಳನ್ನು ಒಂದೊಂದಾಗಿ ಒರೆಸುತ್ತ ಕೊಟ್ರಪ್ಪನ ಎದುರಿಗೆ ಬಂದು ನಿಂತ.

"ಕಾಕಾ, ನೀವಾಗೇ ಹೇಳ್ತೀರಿ ಅಂತ ಇಷ್ಟ ದಿನಾ ಸುಮ್ಮನಿದ್ನಿ. ದಿನಾ ಚಾ ಕೊಟ್ಟು ನಿಂತೀನಿ, ಇವತ್ತ ಹೇಳ್ಯಾರು ಅಂತ. ಅವತ್ತ ನನ್ನ ಕೈ ಹಿಡದು ಏನಂದ್ರಿ, ಅದಷ್ಟ ಹೇಳ್ರಿ. ಬ್ಯಾರೆ ಏನೂ ಬ್ಯಾಡ."

ಹಾಲೇಶ ಅವರಿಬ್ಬರ ಮುಖವನ್ನೂ ನೋಡಿದ. ಬೈಕಿನವನು ಬೈಕು ಚಾಲೂ ಮಾಡುತ್ತಿದ್ದವನು ನಿಲ್ಲಿಸಿದ. ಕೊಟ್ರಪ್ಪನ ತುಟಿ ಅಲುಗಿತು. ಪುರಾಣದ ಮುಂದಿನ ಸಾಲಿನಲ್ಲಿ ಕೂತಾಗ ಅಲುಗುವ ಹಾಗೆಯೇ ಅಲುಗಿತು. ಬೇವಿನ ಮರದ ಕೆಳಗಿನ ಗಾಡಿಯನ್ನು ನೋಡಿದ, ಬಾಬಾಸಾಬನ ಎಣ್ಣೆ ಮೆತ್ತಿದ ಕೈ ನೋಡಿದ, ಜೇಬಿನಲ್ಲಿದ್ದ ಫೋನನ್ನು ಒಮ್ಮೆ ಮುಟ್ಟಿಕೊಂಡ.

"ಇಲ್ಲ," ಎಂದ. "ನಾ ಹೇಳಂಗಿಲ್ಲ."

ಮುಖ ಒರೆಸಿಕೊಳ್ಳುತ್ತಿದ್ದ ಗುರುಲಿಂಗಮ್ಮನ ಸೆರಗು ಕೆನ್ನೆಯ ಮೇಲೇ ನಿಂತಿತು.