ಕೊನೆಯವರು ಲೋಟ ತೊಳೆಯಬೇಕು

"ಇದ್ಯಾರಪ್ಪಾ ಮಾಡಿದ್ದು? ವೈನಾ ಇದು, ಇಲ್ಲಾ ಸಕ್ಕರೆ ಪಾಕಾನಾ?" ಎಂದು ಕಾಂಪೌಂಡರ್ ಬಾಯಲ್ಲಿದ್ದುದನ್ನು ಕಷ್ಟಪಟ್ಟು ನುಂಗಿ ಮುಖ ಕಿವುಚಿದರು.

ಬಡಗಿ ತಾನೂ ಒಂದು ಗುಟುಕು ಕುಡಿದು ಹೋ ಎಂದು ನಕ್ಕ. "ನಾಲಿಗೆ ಮೇಲೆ ಬೆಲ್ಲ, ಗಂಟಲಲ್ಲಿ ಬೆಂಕಿ! ನೆಲಕ್ಕೆ ಚೆಲ್ಲಿದ್ರೆ ಊರಿನ ಇರುವೆಗಳೆಲ್ಲ ತೂರಾಡ್ಕೊಂಡು ಮನೆಗೆ ಹೋಗ್ತವೆ."

ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಅಕ್ಕ ಮಡಿಲಲ್ಲಿದ್ದ ಕೈಚೀಲವನ್ನು ಬಿಗಿಯಾಗಿ ಹಿಡಿದುಕೊಂಡಳು. ತಮ್ಮನ ಗೆಳೆಯರೆಲ್ಲ ಅಕ್ಕ ಎನ್ನುತ್ತಿದ್ದುದರಿಂದ ಅವಳು ಊರಿಗೆಲ್ಲ ಅಕ್ಕನೇ ಆಗಿದ್ದಳು. ಆ ತಮ್ಮ, ಬಸ್ ಡ್ರೈವರ್, ಡಿಪೋದಲ್ಲಿ ಬಸ್ಸು ನಿಲ್ಲಿಸಿ ಇಳಿಯುವಾಗಲೇ ಎದೆ ಹಿಡಿದುಕೊಂಡು ಕುಸಿದವನು ಮತ್ತೆ ಏಳಲಿಲ್ಲ. ಬಡಗಿಯ ಅಂಗಡಿಯ ಹಿಂದಿನ ಈ ಕೋಣೆಗೆ ಅವಳು ಅವನಿದ್ದಾಗ ಒಮ್ಮೆಯೂ ಕಾಲಿಟ್ಟಿರಲಿಲ್ಲ. "ಕುಡುಕರ ಕೂಟ ಅಂದ್ರೆ ಮರ್ಯಾದೆ ಹೋಗುತ್ತೆ ಅಂತ ಕ್ಲಬ್ಬು ಅಂತ ಹೆಸರಿಟ್ಕೊಂಡಿದ್ದೀರಿ" ಎಂದು ಅವನನ್ನು ರೇಗಿಸುತ್ತಿದ್ದವಳು ಅವಳೇ.

ಕ್ಲಬ್ಬು ಎಂದರೆ ಇಷ್ಟೇ: ಕಾಂಪೌಂಡರ್, ಬಡಗಿ, ಡ್ರಾಯಿಂಗ್ ಮೇಡಂ, ಮತ್ತೆ ಅವನು. ಮನೆಯಲ್ಲಿ ಹಣ್ಣು ಹಿಂಡಿ, ಹುಳಿ ಬರಿಸಿ, ತಿಂಗಳುಗಟ್ಟಲೆ ಕಾದು, ಒಂದು ಭಾನುವಾರ ಮಧ್ಯಾಹ್ನ ಇಲ್ಲಿ ಸೇರಿ ರುಚಿ ನೋಡುವುದು. ಯಾರದ್ದು ಯಾವುದೆಂದು ತಿಳಿಯಬಾರದು ಎಂದು ಬಾಟಲಿಗಳಿಗೆ ಒಂದೇ ಥರದ ನೀಲಿ ಬಟ್ಟೆಯ ಚೀಲ ತೊಡಿಸುತ್ತಿದ್ದರು. ಆ ಚೀಲಗಳನ್ನು ಹೊಲಿದುಕೊಟ್ಟಿದ್ದು ಅಕ್ಕನೇ, ಶಾಲೆಯ ಯೂನಿಫಾರ್ಮ್ ಹೊಲಿದು ಉಳಿದ ತುಂಡುಗಳಲ್ಲಿ, ಗೊಣಗುತ್ತ. ಬಾಯಿಗೆ ಬಂದದ್ದನ್ನು ಹೇಳಬಹುದು, ಯಾರೂ ಬೇಜಾರು ಮಾಡಿಕೊಳ್ಳುವಂತಿಲ್ಲ, ಕೊನೆಯ ಸ್ಥಾನ ಬಂದವರು ಲೋಟ ತೊಳೆಯಬೇಕು. ಇದು ನಿಯಮ.

ಇವತ್ತು ಅವಳು ಬಂದದ್ದು ತಮ್ಮನ ಪಾಲಿನ ಚೀಲಗಳನ್ನು ಹಿಂದಿರುಗಿಸುವ ನೆಪದಲ್ಲಿ. ಎಲ್ಲರೂ ಕುರ್ಚಿ ಎಳೆಯುವ ಗಡಿಬಿಡಿಯಲ್ಲಿದ್ದಾಗ, ತಮ್ಮ ಬಿಟ್ಟುಹೋದ ಜಾಡಿಯಿಂದ ತುಂಬಿ ಚೀಲ ತೊಡಿಸಿದ್ದ ಬಾಟಲಿಯನ್ನೂ ಸಾಲಿನಲ್ಲಿ ಸೇರಿಸಿಬಿಟ್ಟಿದ್ದಳು. ಒಬ್ಬೊಬ್ಬರೂ ಒಂದೆರಡು ಬಾಟಲಿ ತರುವ ಕಡೆ ಎಣಿಸುವವರು ಯಾರು? ಅವನದ್ದು ಎಂದು ಮೊದಲೇ ಹೇಳಿದರೆ ಕಣ್ಣೊರೆಸಿಕೊಂಡು ಅಮೃತ ಅನ್ನುತ್ತಾರೆಂದು ಅವಳಿಗೆ ಗೊತ್ತಿತ್ತು. ಅವಳಿಗೆ ಹೊಗಳಿಕೆ ಬೇಕಿರಲಿಲ್ಲ. ಆ ಜಾಡಿಗೆ ಏನಾಗಿದೆ, ಅದನ್ನು ಮತ್ತೆ ಎಬ್ಬಿಸುವುದು ಹೇಗೆ, ಇಷ್ಟು ತಿಳಿದರೆ ಸಾಕಾಗಿತ್ತು.

"ಇದಕ್ಕೇ ಕೊನೇ ಸ್ಥಾನ. ಚರ್ಚೆಯೇ ಬೇಡ" ಎಂದರು ಕಾಂಪೌಂಡರ್.

ಡ್ರಾಯಿಂಗ್ ಮೇಡಂ ಲೋಟವನ್ನು ಮತ್ತೆ ತುಟಿಗೆತ್ತಿದರು. ಇನ್ನೊಂದು ಗುಟುಕು ಕುಡಿದು ಕಣ್ಣು ಮುಚ್ಚಿಕೊಂಡರು. "ತಾಳಿ. ಸಿಹಿ ಕೆಳಗೆ ಇನ್ನೇನೋ ಇದೆ. ಕಿತ್ತಳೆ ಸಿಪ್ಪೆ..." ಎಂದವರು ಅಲ್ಲಿಗೇ ನಿಲ್ಲಿಸಿ ಮೂಲೆಯ ಕಡೆ ನೋಡಿದರು. ಕಪ್ಪು ದ್ರಾಕ್ಷಿಗೆ ಕಿತ್ತಳೆ ಸಿಪ್ಪೆ ಹಾಕುವ ಮೊಂಡುತನ ಕ್ಲಬ್ಬಿನಲ್ಲಿ ಒಬ್ಬನೇ ಒಬ್ಬನಿಗಿತ್ತು. ಬಡಗಿಯ ನಗು ಅರ್ಧಕ್ಕೇ ನಿಂತಿತು.

"ಅಕ್ಕಾ, ತಪ್ಪಾಯ್ತು. ನಾವು ತಿಳೀದೆ..." ಕಾಂಪೌಂಡರ್ ತಡವರಿಸಿದರು.

"ನಿಮ್ಮದೇನೂ ತಪ್ಪಿಲ್ಲ. ಸಕ್ಕರೆ ಹಾಕಿದ್ದು ಅವನಲ್ಲ, ನಾನು."

ಹೇಳತೊಡಗಿದ ಮೇಲೆ ಅವಳಿಗೆ ನಿಲ್ಲಿಸಲಾಗಲಿಲ್ಲ. ತಮ್ಮ ಆ ಜಾಡಿಯನ್ನು ಅವಳ ಹೊಲಿಗೆ ಮಿಷನ್ನಿನ ಪಕ್ಕದಲ್ಲೇ ಇಟ್ಟಿದ್ದ. ಮನೆಯಲ್ಲಿ ಬೆಚ್ಚಗಿರುವ ಜಾಗ ಅದೊಂದೇ ಎಂದು. ಜಾಡಿಯ ಮುಚ್ಚಳದ ಮೇಲೆ ನೀರು ತುಂಬಿದ ಸಣ್ಣ ಗಾಜಿನ ಕೊಳವೆ. ಒಳಗಿನ ಗಾಳಿ ಅದರಲ್ಲಿ ಗುಳುಕ್ ಎಂದು ಹೊರಬರುತ್ತಿತ್ತು. "ತಲೆ ಚಿಟ್ಟು ಹಿಡೀತು, ಇದನ್ನ ಆಚೆ ಬಿಸಾಕು" ಎಂದು ದಿನಾ ಜಗಳ. ಅವನು ಹೋದ ಮೇಲೂ ಅದು ತನ್ನಷ್ಟಕ್ಕೆ ಗುಳುಕ್ ಅನ್ನುತ್ತಲೇ ಇತ್ತು. ಖಾಲಿ ಮನೆಯಲ್ಲಿ ಅದೊಂದೇ ಸದ್ದು. ಅವಳು ಕಾಲಿನ ಕೆಳಗಿನ ಪೆಡಲು ನಿಲ್ಲಿಸಿ ಕಾಯುವಳು. ಅದು ಗುಳುಕ್ ಎಂದ ಮೇಲೆ ಮುಂದಿನ ಹೊಲಿಗೆ. ಒಂದು ದಿನ ಸದ್ದು ನಿಂತಿತು. ಅವನು ಸಕ್ಕರೆ ಸುರಿಯುತ್ತಿದ್ದುದನ್ನು ನೋಡಿದ್ದ ನೆನಪಿನಿಂದ ಒಂದು ಲೋಟ ಸುರಿದಳು. ಮಾರನೇ ದಿನ ಮತ್ತೆ ಗುಳುಕ್! ಅವಳು ಅಳುತ್ತಳುತ್ತ ನಕ್ಕಿದ್ದಳು. ಆಮೇಲೆ ನಿಂತಾಗಲೆಲ್ಲ ಸಕ್ಕರೆ.

"ಈಗ ಎಷ್ಟು ಹಾಕಿದ್ರೂ ಏಳ್ತಿಲ್ಲ. ನೀವು ಬಲ್ಲವರು. ಏನಾದ್ರೂ ಮಾಡಿ, ಅದನ್ನ ಮತ್ತೆ ಶುರು ಮಾಡಿಸಿಕೊಡಿ" ಎಂದಳು.

"ಅದಕ್ಕೇನಂತೆ ಅಕ್ಕಾ, ಹೊಸ ಯೀಸ್ಟ್ ಹಾಕಿದ್ರೆ..." ಎಂದು ಬಡಗಿ ಶುರು ಮಾಡಿದ.

ಕಾಂಪೌಂಡರ್ ಅಡ್ಡಡ್ಡ ತಲೆಯಾಡಿಸಿದರು. ಸುಳ್ಳು ಹೇಳಲು ಅವರಿಗೂ ಆಸೆಯಾಗಿತ್ತು. ಮುಖ ನೋಡಿದರೆ ಗೊತ್ತಾಗುತ್ತಿತ್ತು. "ಇಲ್ಲ ಅಕ್ಕಾ. ಸಕ್ಕರೆ ತಿಂದು ಅದನ್ನ ಮದ್ಯ ಮಾಡೋದೇ ಯೀಸ್ಟಿನ ಕೆಲಸ. ಮದ್ಯ ಒಂದು ಮಟ್ಟ ಮೀರಿದ್ರೆ ಅದರೊಳಗೇ ಸತ್ತುಹೋಗುತ್ತೆ. ಹೊಸದು ಹಾಕಿದ್ರೂ ಬದುಕಲ್ಲ."

"ಅಂದ್ರೆ ನಾನೇ ಕೊಂದೆ ಅನ್ನಿ."

"ಹಾಗಲ್ಲ. ಅದು ನಿಲ್ಲೋದೇ. ಅವನಿದ್ದಿದ್ರೂ ನಿಲ್ತಿತ್ತು. ನಿಂತ ಮೇಲೇ ಬಾಟಲಿಗೆ ತುಂಬೋದು."

 ಅಕ್ಕನಿಗೆ ತಮ್ಮ ಸತ್ತ ದಿನ ಬಾರದಿದ್ದ ಸಿಟ್ಟು ಈಗ ಬಂತು, ಯಾರ ಮೇಲೆಂದು ತಿಳಿಯಲಿಲ್ಲ. ಅಷ್ಟರಲ್ಲಿ ಕಾಂಪೌಂಡರ್ ತಮ್ಮ ಲೋಟವನ್ನು ತುಂಬಿಸಿಕೊಂಡು, ಮುಖ ಕಿವುಚದೆ, ತಳ ಕಾಣುವ ತನಕ ಕುಡಿದರು. ಬಡಗಿಯೂ ಕುಡಿದ. ಬಾಟಲಿಯಲ್ಲಿ ಉಳಿದದ್ದನ್ನು ಮೇಡಂ ತಮ್ಮ ಲೋಟಕ್ಕೆ ಬಗ್ಗಿಸಿಕೊಂಡರು. ಒಂದು ಹನಿಯೂ ಉಳಿಯಲಿಲ್ಲ.

ಬಡಗಿ ಲೋಟಗಳನ್ನು ಜೋಡಿಸಿಕೊಳ್ಳುತ್ತಿದ್ದಂತೆ ಅಕ್ಕ ಎದ್ದಳು. "ಇಲ್ಲಿ ಕೊಡು. ಕೊನೆಯವರು ತೊಳೀಬೇಕು ಅಲ್ವಾ?"

"ಅಯ್ಯೋ, ನೀವ್ಯಾಕೆ ಅಕ್ಕಾ! ಅದು ಅವನ..." ಎಂದವನು ನಾಲಿಗೆ ಕಚ್ಚಿಕೊಂಡ.

"ಅವನ?"

"ಅಲ್ಲ, ಯಾವಾಗ್ಲೂ ಅವನೇ ತೊಳೀತಿದ್ದದ್ದು. ಆ ಕಿತ್ತಳೆ ಸಿಪ್ಪೆ ಬಿಡೋ ಅಂದ್ರೆ ಬಿಡ್ತಿರಲಿಲ್ಲ."

ತಮ್ಮನೋ ಪ್ರತಿ ಸಲವೂ ಮನೆಗೆ ಬಂದು, "ಇವತ್ತೂ ನಾನೇ ಫಸ್ಟು ಕಣಕ್ಕಾ" ಎನ್ನುತ್ತಿದ್ದ. ಅವಳು ಊಟ ಬಡಿಸುವಾಗ ಅವನ ಕೈ ಸೋಪಿನ ವಾಸನೆ ಹೊಡೆಯುತ್ತಿತ್ತು. ಕುಡಿದ ವಾಸನೆ ಮುಚ್ಚಿಕೊಳ್ಳಲು ತಿಕ್ಕಿ ತೊಳೆದು ಬಂದಿದ್ದಾನೆಂದು ಅವಳು ಅಂದುಕೊಂಡಿದ್ದಳು. "ಕಳ್ಳ" ಎಂದಳು ಅಕ್ಕ. ತುಟಿ ನಗಲು ಹೋಗಿ ಸೊಟ್ಟಗಾಯಿತು. ಯಾರ ಕಡೆಗೂ ನೋಡದೆ ಲೋಟಗಳನ್ನೆತ್ತಿಕೊಂಡು ಹಿಂದಿನ ನಲ್ಲಿಯ ಹತ್ತಿರ ಹೋದಳು.

ಒಂದೊಂದೇ ಲೋಟ ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿದಳು. ಕೊನೆಗೆ ಉಳಿದದ್ದು ಬಾಟಲಿ. ನೀಲಿ ಚೀಲ ಕಳಚಿ, ನೀರು ತುಂಬಿ, ಕುಲುಕಿ ಬಗ್ಗಿಸಿದಳು.

ಗುಳುಕ್, ಎಂದಿತು ಬಾಟಲಿ. ಮತ್ತೆ, ಗುಳುಕ್.

ಅವಳು ಹಾಗೇ ಹಿಡಿದು ನಿಂತಳು. ನೀರು ಮುಗಿದು ಸದ್ದು ನಿಂತಿತು.  ಬಾಟಲಿ ಆಗಲೇ ಸ್ವಚ್ಛವಾಗಿತ್ತು. ಅಕ್ಕ ನಲ್ಲಿ ತಿರುಗಿಸಿ ಅದಕ್ಕೆ ಇನ್ನೊಮ್ಮೆ ನೀರು ಹಿಡಿದಳು.