ಬಂಗಾರಿಯ ಚಾಪೆ

ಗೋವೆ ಬಿಡುಗಡೆಯಾದ ವರ್ಷ ನನ್ನ ಮಗಳು ಬಂಗಾರಿಗೆ ಜ್ವರ ಬಂದು ಎಡಗಾಲು ಸೋತಿತು. ಅತ್ತೆ ಅವಳ ಚಾಪೆಯನ್ನು ಜಗಲಿಯ ಮೂಲೆಗೆ ಹಾಕಿದರು. ಗಂಜಿಯ ಬಟ್ಟಲೂ ಬೇರೆಯಾಯಿತು. ಅಂಬೆಗಾಲಿಡುತ್ತಿದ್ದ ತಿಮ್ಮ ಅಕ್ಕನ ಕಡೆ ಹೊರಟರೆ ಹಿಡಿದು ಎಳೆದುಕೊಳ್ಳುತ್ತಿದ್ದರು.

"ಒಂದು ಹೋತು. ಇನ್ನೊಂದನ್ನೂ ಕಳ್ಕಂಬೂದಾ?"

ನನಗೂ ಅದೇ ಭಯ. ಕೇರಿಯವರೂ ತಮ್ಮ ಮಕ್ಕಳನ್ನು ನಮ್ಮ ಅಂಗಳಕ್ಕೆ ಬಿಡುತ್ತಿರಲಿಲ್ಲ.

ಮರುವರ್ಷ ಪುಣೆಯ ಡಾಕ್ಟರು ನಮ್ಮ ಹೆಬಳೆಯ ಶಾಲೆಗೆ ಬಂದು ಮಕ್ಕಳ ರಕ್ತ ತೆಗೆಸಿದರು. ಜೊತೆಗೆ ಕುಮಟೆಯ ನರ್ಸಬಾಯಿ.

"ಮೈಗೆ ಹತ್ತೂಕೆ ಗಂಜಿ ಇಲ್ಲ, ಇವ್ರಿಗೆ ರಕ್ತ ಬೇಕಂತೆ" ಎಂದರು ಅತ್ತೆ.

"ಒಂದು ಚಮಚ ಅಜ್ಜಿ. ನಿಮ್ಮದೂ ಕೊಡ್ತ್ರಾ?"

"ನಂದ್ರಲ್ಲಿ ಎಂತ ಉಂಟು? ಬರೀ ಎಲೆಯಡಿಕೆ ರಸ."

ಕಾಲು ಸೋಲಿಸುವ ಆ ರೋಗ ಮೈಯೊಳಗೆ ಬಂದು ಹೋಗಿದ್ದರೆ ರಕ್ತದಲ್ಲಿ ಗುರುತು ಉಳಿಯುತ್ತದೆ, ಗುರುತಿದ್ದವರನ್ನು ಅದು ಮತ್ತೆ ಕಾಡುವುದಿಲ್ಲ ಎಂದು ನರ್ಸಬಾಯಿ ಹೇಳಿದಳು. ತಿಮ್ಮನಿಗೆ ಗುರುತಿದ್ದರೆ ಇಬ್ಬರನ್ನೂ ಒಟ್ಟಿಗೆ ಮಲಗಿಸಬಹುದು. ಅಷ್ಟು ಆಸೆಯಿಂದ ಅವನ ತೋಳು ಹಿಡಿದು ಕೂತೆ. ಅವನು ಅತ್ತು ಅತ್ತು ನನ್ನ ಹೆಗಲ ಮೇಲೇ ನಿದ್ದೆಹೋದ.

ಕೊಯ್ಲಿನ ಹೊತ್ತಿಗೆ ನರ್ಸಬಾಯಿ ಮತ್ತೆ ಬಂದಾಗ ನಾನು ಮೀನು ಕೊಯ್ಯುತ್ತಿದ್ದೆ.

"ತಿಮ್ಮಂಗೆ ಬಂದು ಹೋಗಿದೆ."

"ಅವನಿಗೆ ಜ್ವರವೇ ಬರ್ಲಿಲ್ಲ!"

"ಸುಮಾರು ಮಕ್ಕಳಿಗೆ ಬಂದದ್ದೇ ಗೊತ್ತಾಗೂದಿಲ್ಲ. ಈ ಕೇರಿಯಲ್ಲಿ ಹೆಚ್ಚುಕಮ್ಮಿ ಎಲ್ಲರಿಗೂ ಬಂದು ಹೋಗಿದೆ. ಕಾಲು ಹಿಡಿದದ್ದು ಇವಳಿಗೊಬ್ಬಳಿಗೇ."

"ಹಂಗಾರೆ ಇವಳಿಗೆ ಯಾರಿಂದ ಬಂತು?" ಅತ್ತೆ ಕೇಳಿದರು.

"ಅದನ್ನ ರಕ್ತ ಹೇಳೂದಿಲ್ಲ ಅಜ್ಜಿ."

ಅತ್ತೆ ತೊಡೆಯ ಮೇಲಿದ್ದ ತಿಮ್ಮನನ್ನು ನೋಡಿದರು. ಆಮೇಲೆ ಬೇಲಿಯಾಚೆ ಓಡಾಡುತ್ತಿದ್ದ ಕೇರಿಯ ಮಕ್ಕಳನ್ನು. ಎಲ್ಲರ ಕಾಲೂ ನೆಟ್ಟಗಿದ್ದವು.

ಅಂದು ಸಂಜೆ ದೀಪ ಹಚ್ಚಿ, ಬಂಗಾರಿಯ ಚಾಪೆಯನ್ನು ಒಳಗೆ ತಂದು ತಿಮ್ಮನ ಚಾಪೆಗೆ ತಾಗಿಸಿ ಹಾಸಿದೆ. ಅತ್ತೆ ಬೇಡವೆನ್ನಲಿಲ್ಲ. ಬಂಗಾರಿ ಹೊಸಿಲಲ್ಲೇ ನಿಂತಳು.

"ನನ್ನದು ತಮ್ಮಂಗೆ ಬರೂದಿಲ್ಲಾ ಅವ್ವಿ?"

"ಇಲ್ಲ ಮಗಾ. ಅವನಿಗೆ ಆಗಲೇ ಬಂದು ಹೋಗಿದೆ."

"ಮತ್ತೆ ಅವನ ಕಾಲು?"

ನಾನು ಅವಳ ಚಾಪೆಯ ಮಡಿಕೆ ಬಿಡಿಸಿದೆ. ಅವಳು ಬಂದು ಮಲಗಿದಳು. ತಿಮ್ಮ ಖುಷಿಯಿಂದ ಉರುಳಿ ತನ್ನ ಕಾಲನ್ನು ಅವಳ ಮೇಲೆ ಹಾಕಿದ. ಆ ಗುಂಡು ಕಾಲನ್ನು ಅವಳು ತುಸು ಹೊತ್ತು ಮುಟ್ಟಿ ಮುಟ್ಟಿ ನೋಡಿದಳು, ಆಮೇಲೆ ತನ್ನ ಎಡಗಾಲನ್ನು. ಮೆಲ್ಲಗೆ ಕೆಳಗಿಳಿಸಿ ಎದ್ದಳು.

"ನಂಗೆ ಅಲ್ಲೇ ಆತು ಅವ್ವಿ" ಎಂದು, ಚಾಪೆ ಎಳೆದುಕೊಂಡು ಜಗಲಿಯ ಮೂಲೆಗೆ ಹೋದಳು.