ಗವ್ರಿಲಾ ಕುಡಿದಿರಲಿಲ್ಲ

ಪ್ಲಮ್ ಹಣ್ಣಿನ ಸಾರಾಯಿ ಕಾಯಿಸುವ ಕಾಲ ಬಂತೆಂದರೆ ಗಂಡಂದಿರ ಬಾಯಿ ಮೂಸುವುದು ನಮ್ಮೂರ ಹೆಂಗಸರಿಗೆ ದಿನದ ಕೆಲಸ. ಪಕ್ಕದ ಮನೆಯ ಸಫ್ತಾ ಅದರಲ್ಲಿ ಎತ್ತಿದ ಕೈ.

ಆ ಸಲ ಅವಳ ಗಂಡ ಗವ್ರಿಲಾ ಕ್ರಿಸ್‌ಮಸ್ ಉಪವಾಸ ಹಿಡಿದಿದ್ದ. ನಾವೆಲ್ಲ ಮಾಂಸ, ಹಾಲು, ಮೊಟ್ಟೆ ಬಿಟ್ಟರೆ ಈ ಪುಣ್ಯಾತ್ಮ ಊಟವನ್ನೇ ಬಿಟ್ಟ. ಸಕ್ಕರೆ ಕಾಯಿಲೆಯವನು ಬೇರೆ. ಊಟದ ಜೊತೆಗೆ ಇನ್ಸುಲಿನ್ ಸೂಜಿಯನ್ನೂ ಬಿಟ್ಟಿದ್ದ.

ಒಂದು ಮಧ್ಯಾಹ್ನ ತೂರಾಡುತ್ತ ಬಂದವನು ಬಾವಿಯ ಹತ್ತಿರ ಕೂತು ಗಟಗಟನೆ ನೀರು ಕುಡಿದ, ಕುಡಿದಷ್ಟನ್ನೂ ವಾಂತಿ ಮಾಡಿದ. ಸಫ್ತಾ ಓಡಿ ಬಂದು ಮೂಸಿದಳು.

"ಥೂ, ಉಪವಾಸದಲ್ಲೂ ಕುಡ್ಕೊಂಡ್ ಬಂದಿದೀಯಾ?"

"ಒಂದ್ ತೊಟ್ಟೂ ಮುಟ್ಟಿಲ್ಲ ಕಣೇ."

"ಮತ್ತೆ ಬಾಯಲ್ಲಿ ಹಣ್ಣಿನ ವಾಸ್ನೆ ಎಲ್ಲಿಂದ ಬಂತು? ಹೊಟ್ಟೇಲಿ ಪ್ಲಮ್ ಮರ ಬೆಳ್ದಿದ್ಯಾ? ಹೋಗು, ಹುಲ್ಲಿನ ಕೊಟ್ಟಿಗೇಲಿ ಬಿದ್ಕೊ. ಇಳಿದ್ಮೇಲೆ ಒಳಗೆ ಬಾ."

ನಮ್ಮ ಗಂಡಸರಿಗೆಲ್ಲ ಇದೇ ಚಿಕಿತ್ಸೆ. ಅಷ್ಟರಲ್ಲಿ ದಾರಿಯಲ್ಲಿ ಹೋಗುತ್ತಿದ್ದ ನರ್ಸ್ ದೊಮ್ನಿಕಾ ಬೈಗುಳ ಕೇಳಿ ಒಳಗೆ ಬಂದಳು. ಗವ್ರಿಲಾ ಏದುಸಿರು ಬಿಡುತ್ತಿದ್ದ.

"ಮಾಮ, ಸೂಜಿ ತಗೊಂಡ್ರಾ?"

"ಊಟಾನೇ ಇಲ್ಲ, ಸೂಜಿ ಯಾಕಮ್ಮಾ?"

"ಊಟ ಬಿಟ್ರೂ ಮೈಗೆ ಇನ್ಸುಲಿನ್ ಬೇಕು ಮಾಮ. ಅದಿಲ್ದಿದ್ರೆ ರಕ್ತದಲ್ಲಿರೋ ಸಕ್ಕರೆ ಮೈಗೆ ದಕ್ಕಲ್ಲ. ಆಗ ಮೈ ಕೊಬ್ಬು ಕರಗಿಸಿ ಅಸಿಟೋಅಸಿಟಿಕ್ ಅನ್ನೋ ಆಮ್ಲ ಮಾಡ್ಕೊಳುತ್ತೆ. ಸ್ವಲ್ಪ ಇದ್ರೆ ಅದೂ ಮೈಗೆ ಉರುವಲೇ. ಮಿತಿಮೀರಿದ್ರೆ ಪ್ರಾಣಕ್ಕೇ ಕುತ್ತು. ಆ ಆಮ್ಲ ಒಡೆದು ಬರೋ ವಾಸ್ನೆ ಇದು, ಸಾರಾಯಿದಲ್ಲ."

ಸಫ್ತಾ ಬಿಳಿಚಿಕೊಂಡಳು. "ಹಾಗಾದ್ರೆ ನಿಜವಾಗ್ಲೂ ಕುಡ್ದಿಲ್ವಾ?"

"ಇಲ್ಲ ಸಫ್ತಕ್ಕಾ."

"ಅಯ್ಯೋ ದೇವ್ರೇ, ಕುಡ್ದಿದ್ರೇ ಚೆನ್ನಾಗಿತ್ತಲ್ಲಪ್ಪಾ."

ಮದುವೆಯಾದಾಗಿನಿಂದ ಅವಳು ಹಾಗೆಂದದ್ದು ಅದೇ ಮೊದಲು.

ದೊಮ್ನಿಕಾ ಆಂಬ್ಯುಲೆನ್ಸ್ ಕರೆಸಿದಳು. ಬೆಳಗಿನವರೆಗೆ ಕೊಟ್ಟಿಗೆಯಲ್ಲೇ ಬಿಟ್ಟಿದ್ದರೆ ಏಳುತ್ತಿರಲಿಲ್ಲ ಎಂದರು ಆಸ್ಪತ್ರೆಯ ಡಾಕ್ಟರು. ಸಫ್ತಾ ಅಲ್ಲೇ ಗೋಡೆಗೆ ಒರಗಿ ಅತ್ತಳು. ಗವ್ರಿಲಾ ಚೇತರಿಸಿಕೊಂಡ. ಕಾಯಿಲೆಯವರಿಗೆ ಉಪವಾಸ ಕಡ್ಡಾಯವಲ್ಲ ಎಂದು ಪಾದ್ರಿಗಳೂ ಅವನಿಗೆ ಚೆನ್ನಾಗಿ ಬೈದರು. ಈಗ ಡಾಕ್ಟರನ್ನು ಕೇಳದೆ ಅವನು ಒಂದು ಹೊತ್ತಿನ ಸೂಜಿಯನ್ನೂ ತಪ್ಪಿಸುವುದಿಲ್ಲ.

ಇನ್ಸುಲಿನ್ ತೆಗೆದುಕೊಳ್ಳುವವರೇ, ಉಪವಾಸವಿರಲಿ, ಜ್ವರವಿರಲಿ, ಊಟ ಸೇರದಿರಲಿ, ಸೂಜಿಯನ್ನು ನೀವಾಗಿಯೇ ನಿಲ್ಲಿಸಬೇಡಿ. ಎಷ್ಟು ಬೇಕೆಂದು ಡಾಕ್ಟರನ್ನು ಕೇಳಿ. ಮನೆಯವರೇ, ಸಕ್ಕರೆ ಕಾಯಿಲೆಯವರಲ್ಲಿ ತಡೆಯಲಾರದ ಬಾಯಾರಿಕೆ, ವಾಂತಿ, ಏದುಸಿರು, ಬಾಯಲ್ಲಿ ಹಣ್ಣಿನ ವಾಸನೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಬೈಯುವುದಿದ್ದರೆ ಆಮೇಲೆ ಬೈಯಿರಿ. ಬೈಸಿಕೊಳ್ಳಲು ಅವರು ಬದುಕಿರಬೇಕಲ್ಲ.